ಬಿದ್ದವನು ಸ್ಪರ್ಧಿ ಹೌದೋ ಅಲ್ಲವೋ ಎಂದು ಕೇಳಿದವರಿಗೆ

ಮಾನ್ಯ ರ‍್ಯಾಲಿ ನಿಯಂತ್ರಣಾಧಿಕಾರಿಗಳೇ,

ಸುಳ್ಳು ಹೇಳಿ ವೈದ್ಯರ ವಾಹನ ಕರೆಸಿದ ಅಪರಾಧಕ್ಕಾಗಿ ತಾವು ನನ್ನನ್ನು ದೂರದಾರಿಯ ಮೋಟಾರ್‌ಸೈಕಲ್ ರ‍್ಯಾಲಿಯಿಂದ ಶಾಶ್ವತವಾಗಿ ಹೊರಗಿಟ್ಟಿದ್ದೀರಿ. "ಮಾಡಿದ್ದು ತಪ್ಪು, ಮುಂದೆ ಹೀಗೆ ಮಾಡುವುದಿಲ್ಲ" ಎಂದು ಬರೆದುಕೊಟ್ಟರೆ ಈ ವರ್ಷವೇ ಮತ್ತೆ ಸೇರಿಸಿಕೊಳ್ಳುವ ದೊಡ್ಡ ಮನಸ್ಸನ್ನೂ ತೋರಿಸಿದ್ದೀರಿ. ಸುಳ್ಳು ಹೇಳಿದ್ದು ನಿಜ. ಅದನ್ನು ಅಲ್ಲಗಳೆದು ಇನ್ನೊಂದು ಸುಳ್ಳು ಹೇಳುವುದಿಲ್ಲ. ಆದರೆ ಆ ಸುಳ್ಳನ್ನು ನನ್ನ ಬಾಯಿಂದ ಹೊರಡಿಸಿದವರು ಯಾರು ಎಂಬುದನ್ನು ತಮ್ಮ ಆದೇಶದಲ್ಲಿ ಬರೆಯಲು ಮರೆತಿದ್ದೀರಿ. ತಣ್ಣನೆಯ ಕೋಣೆಯಲ್ಲಿ ನಕ್ಷೆ ನೋಡುತ್ತ ಕುಳಿತವರಿಗೆ ಮರೆವು ಸಹಜ. ಅದಕ್ಕೇ ನಾಲ್ಕು ಜನ ಓದುವ ಜಾಗದಲ್ಲಿ ನೆನಪಿಸುತ್ತಿದ್ದೇನೆ.

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ವರ್ಷವಿಡೀ ಪಕ್ಕದ ಸೀಟಿನಲ್ಲಿ ಕುಳಿತು, ಕ್ಲಚ್ಚಿನ ಮೇಲೆ ನಡುಗುವ ಪರರ ಕಾಲನ್ನು ನೋಡುತ್ತ "ನಿಧಾನ, ನಿಧಾನ" ಎಂದು ಜಪ ಮಾಡುವುದು ನನ್ನ ಹೊಟ್ಟೆಪಾಡು. ವರ್ಷಕ್ಕೊಂದು ವಾರ ಮಾತ್ರ ಯಾರಿಗೂ ನಿಧಾನ ಎನ್ನಬೇಕಾಗಿಲ್ಲದ ಭಾಗ್ಯ. ಕಲ್ಲು, ಮರಳು, ಒಣಗಿದ ಹೊಳೆಯ ಪಾತ್ರ. ಬೆಳಗಿನಿಂದ ಸಂಜೆಯವರೆಗೆ ಸೀಟಿಗೆ ಕೂರದೆ ನಿಂತೇ ಗಾಡಿ ಓಡಿಸಬೇಕು. ಸಂಜೆ ಡೇರೆಯಲ್ಲಿ ಊಟಕ್ಕೆ ಕುಳಿತರೆ ಮರಗಟ್ಟಿದ ಬೆರಳಿಗೆ ಚಮಚವೂ ನಿಲ್ಲುವುದಿಲ್ಲ. ಇದರಲ್ಲಿ ಏನು ಸುಖ ಎಂದು ನಮ್ಮತ್ತೆ ಪ್ರತಿ ವರ್ಷ ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಆದರೆ ಆ ಒಂದು ವಾರ ಇಲ್ಲದ ವರ್ಷ ನನಗೆ ವರ್ಷವೇ ಅಲ್ಲ. ತಾವು ಕಿತ್ತುಕೊಂಡಿರುವುದು ಅದನ್ನು.

ನಮ್ಮ ಸವಾರರಲ್ಲಿ ಒಂದು ಪದ್ಧತಿಯಿದೆ. ಡಾಂಬರು ಬಿಟ್ಟು ಕೆಳಗಿಳಿಯದ ತಮ್ಮಂಥವರಿಗಾಗಿ ವಿವರಿಸುತ್ತೇನೆ. ಬಿದ್ದವನು ಹಿಂದೆ ಬರುವವರಿಗೆ ಹೆಬ್ಬೆರಳು ಎತ್ತಿ ತೋರಿಸಿದರೆ "ನನಗೇನೂ ಆಗಿಲ್ಲ, ಹೋಗಿ" ಎಂದರ್ಥ. ಬೆರಳು ಏಳಲಿಲ್ಲವೋ, ಮೊದಲು ಬಂದವರು ನಿಲ್ಲಬೇಕು, ಗಾಡಿಗೆ ಕಟ್ಟಿದ ಅಪಾಯದ ಗುಂಡಿ ಒತ್ತಬೇಕು, ವೈದ್ಯರು ಬರುವ ತನಕ ಕದಲಬಾರದು. ನಿಂತ ಹೊತ್ತನ್ನು ಆಮೇಲೆ ಲೆಕ್ಕದಿಂದ ಬಿಡುತ್ತಾರೆ. ಗೆಲುವಿಗಾಗಿ ಹಲ್ಲು ಕಚ್ಚಿ ಓಡಿಸುವವರು, ಒಬ್ಬರ ಮುಖ ಒಬ್ಬರಿಗೆ ಆಗದವರು ಕೂಡ ಇದನ್ನು ಮೀರಿದ್ದನ್ನು ನಾನು ಕಂಡಿಲ್ಲ.

ಮುಖ ಆಗದವರು ಎಂದಾಗ ನೆನಪಾಯಿತು. ನಮ್ಮಲ್ಲಿ ಬೇಕರಿ ಇಟ್ಟುಕೊಂಡಿರುವ ಒಬ್ಬ ಸವಾರನಿದ್ದಾನೆ. ಅವನ ಗಾಡಿಗಿಂತ ಅವನೇ ಹೆಚ್ಚು ಗುರುಗುಟ್ಟುವುದರಿಂದ ಎಲ್ಲರೂ ಅವನನ್ನು ಗುರ‍್ರಣ್ಣ ಎನ್ನುತ್ತಾರೆ. ನನಗೂ ಅವನಿಗೂ ಎಣ್ಣೆ ಸೀಗೆಕಾಯಿ. ಒಮ್ಮೆ ಇಕ್ಕಟ್ಟಿನ ದಾರಿಯಲ್ಲಿ ನಾನು ಹಾರ್ನ್ ಹೊಡೆದದ್ದಕ್ಕೆ, ಹೆಂಗಸರಿಗೆ ಜಾಗ ಬಿಡಲು ಇದೇನು ಬಸ್ಸೇ ಎಂದು ಸಂಜೆ ಡೇರೆಯಲ್ಲಿ ಎಲ್ಲರೆದುರು ಕೇಳಿದ ಮಹಾನುಭಾವ. ಕಳೆದ ರ‍್ಯಾಲಿಯಲ್ಲಿ, ಕಲ್ಲುಗಣಿ ದಾಟಿದ ಮೇಲಿನ ತಿರುವಿನಲ್ಲಿ, ಈ ಗುರ‍್ರಣ್ಣ ತನ್ನ ಗಾಡಿಯ ಕೆಳಗೆ ಬಿದ್ದಿದ್ದ. ನನ್ನನ್ನು ಕಂಡು ಹೆಬ್ಬೆರಳು ಎತ್ತಿದ. ನನ್ನ ಮುಂದಿದ್ದ ಇಬ್ಬರು ಆ ಬೆರಳನ್ನು ನಂಬಿ ಹೋಗಿದ್ದರು, ಅದು ಅವರ ತಪ್ಪಲ್ಲ. ಆದರೆ ನಾನು ಗುರ‍್ರಣ್ಣನನ್ನು ಬಲ್ಲೆ. ಇಷ್ಟು ವರ್ಷ ನನಗೆ ಬೆನ್ನು ಮತ್ತು ಧೂಳು ಬಿಟ್ಟು ಬೇರೇನನ್ನೂ ತೋರಿಸದವನು ಮರ್ಯಾದೆಯಾಗಿ ಹೆಬ್ಬೆರಳು ತೋರಿಸಿದ್ದಾನೆ ಎಂದರೆ ಏನೋ ಎಡವಟ್ಟಾಗಿದೆ. ಗಾಡಿ ನಿಲ್ಲಿಸಿದೆ. ಟೈಮ್ ಹಾಳು ಮಾಡಿಕೊಳ್ಳಬೇಡ, ಹೋಗು ಎಂದು ಗದರಿದ. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಗಾಡಿ ಎತ್ತಿ ನೋಡಿದರೆ ಬೂಟಿನ ಮೂತಿ ಹಿಂದಕ್ಕೆ ತಿರುಗಿತ್ತು. ಮಾನ ಉಳಿಸಿಕೊಳ್ಳಲು ಕಾಲು ಕಳೆದುಕೊಳ್ಳಲೂ ತಯಾರಾದ ಪ್ರಾಣಿ.

ಗುಂಡಿ ಒತ್ತಿದೆ. ಅದರ ಮೈಕಿನಲ್ಲಿ ಅವನ ಗಾಡಿಯ ನಂಬರು ಹೇಳಿ, ಕಾಲು ಮುರಿದಿದೆ ಎಂದೆ. ತಮ್ಮ ಕೋಣೆಯಿಂದ ಒಂದು ದನಿ ಬಂತು. ಅದು ತಮ್ಮದೋ, ತಮ್ಮ ಕೈಕೆಳಗಿನವರದೋ ನನಗೆ ಗೊತ್ತಿಲ್ಲ. ಮಾತನ್ನು ಮಾತ್ರ ಹಾಗೇ ಬರೆಯುತ್ತೇನೆ: "ಆ ನಂಬರಿನವರು ಸ್ಪರ್ಧೆಯಿಂದ ಹೊರಗೆ ಹೋಗಿದ್ದಾರೆ. ಡಾಕ್ಟರ್ ಗಾಡಿ ಸ್ಪರ್ಧಿಗಳಿಗೆ ಮಾತ್ರ. ನೀವು ಹೊರಡಿ." ಬೆಳಗಿನ ತಪಾಸಣೆ ಠಾಣೆಗೆ ಅವನು ತಡವಾಗಿ ತಲುಪಿದ್ದನಂತೆ, ಅದಕ್ಕೆ ತಾವು ಅವನ ಹೆಸರು ಹೊಡೆದುಹಾಕಿದ್ದಿರಂತೆ. ಸಂತೋಷ. ಆದರೆ ಆ ಸುದ್ದಿಯನ್ನು ಅವನಿಗೆ ಹೇಳುವ ಕೆಲಸ ಯಾರದಾಗಿತ್ತು? ಪಾಪ, ತಾನು ಇಲ್ಲದ ಸ್ಪರ್ಧೆಯಲ್ಲಿ ಗೆಲ್ಲಲೆಂದು ಅವನು ಕಲ್ಲು ಗುದ್ದಿಕೊಂಡು ಓಡಿಸುತ್ತಿದ್ದ. ಹಾಗಾದರೆ ಇವರ ಗತಿ ಏನೆಂದು ಕೇಳಿದೆ. ಹಿಂದಿನಿಂದ ಸಾಮಾನಿನ ಲಾರಿ ಬರುತ್ತದೆ, ಸಂಜೆಯೊಳಗೆ ಹತ್ತಿಸಿಕೊಳ್ಳುತ್ತಾರೆ ಎಂದು ಉತ್ತರ. ಸಾಮಾನಿನ ಲಾರಿ! ಕೆಟ್ಟ ಇಂಜಿನ್ನು, ಹರಿದ ಟೈರು, ಮಡಚಿದ ಡೇರೆಗಳ ನಡುವೆ ಒಬ್ಬ ಮನುಷ್ಯ.

ಗುಂಡಿ ಮತ್ತೆ ಒತ್ತಿದೆ. "ಹಾಗಾದ್ರೆ ಬಿದ್ದಿರೋದು ನಾನು. ನನ್ನ ಕಾಲು ಮುರಿದಿದೆ. ಕಳಿಸಿ."

"ಈಗ ತಾನೇ ಚೆನ್ನಾಗಿದ್ರಲ್ಲ?"

"ನಿಮ್ಮ ಹತ್ರ ಮಾತಾಡ್ತಾ ಬಿದ್ದೆ."

ನನ್ನ ಅಪರಾಧ ಇಷ್ಟು. ವೈದ್ಯರ ವಾಹನ ಎಷ್ಟು ಬೇಗ ಬಂತೆಂದರೆ, ಅದು ಅಲ್ಲೇ ದಿಬ್ಬದ ಹಿಂದೆ ಸುಮ್ಮನೆ ನಿಂತಿತ್ತೇನೋ ಎಂಬ ಅನುಮಾನ ಇಂದಿಗೂ ನನಗಿದೆ. ಇಳಿದ ಡಾಕ್ಟರಮ್ಮ ನೆಟ್ಟಗೆ ನಿಂತ ನನ್ನ ಎರಡೂ ಕಾಲನ್ನು ನೋಡಿದರು, ಗುರ‍್ರಣ್ಣನ ಕಾಲನ್ನು ನೋಡಿದರು, ಒಂದು ಮಾತೂ ಕೇಳದೆ ಕತ್ತರಿ ತೆಗೆದು ಬೂಟು ಕತ್ತರಿಸಿದರು. ಪಾದಕ್ಕೆ ರಕ್ತ ಹರಿಯುವುದು ನಿಂತಿತ್ತಂತೆ, ಲಾರಿಗೆ ಕಾದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತಿತ್ತಂತೆ. ಅವನು ಇಂದು ತನ್ನ ಎರಡೂ ಕಾಲ ಮೇಲೆ ಒಲೆಯ ಮುಂದೆ ನಿಂತು ಕೆಲಸದವರ ಮೇಲೆ ಗುರುಗುಟ್ಟುತ್ತಿದ್ದಾನೆ.

ತಾವು ಏನು ಮಾಡಿದಿರಿ? ನಿಯಮ ಬದಲಿಸಿದಿರೇ? ಹೆಸರು ಹೊಡೆದ ಸುದ್ದಿ ಹೇಳದವರನ್ನು ಕರೆದು ಕೇಳಿದಿರೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನನ್ನನ್ನು ಹೊರಗಟ್ಟಿದಿರಿ. ಬಿದ್ದವನು ಹೆಬ್ಬೆರಳು ಎತ್ತಿದ್ದರಿಂದ ನಿಲ್ಲುವ ಅಗತ್ಯವಿರಲಿಲ್ಲ ಎನ್ನುತ್ತದೆ ತಮ್ಮ ಆದೇಶ. ಅವನು ಸ್ಪರ್ಧಿಯೇ ಅಲ್ಲದ್ದರಿಂದ ನಾನು ನಿಂತದ್ದು "ವೈಯಕ್ತಿಕ ಕಾರಣ"ಕ್ಕೆ ಎಂದೂ ಹೇಳುತ್ತದೆ. ಸ್ವಾಮಿ, ಮೂಳೆ ಮುರಿಯುವ ಮುಂಚೆ ತಮ್ಮ ಪಟ್ಟಿ ನೋಡಿಕೊಂಡು ಮುರಿಯುತ್ತದೆಯೇ? ಆಮೇಲೆ ಕೇಳುತ್ತೀರಿ: ಅದೇ ಹೊತ್ತಿನಲ್ಲಿ ಇನ್ನೆಲ್ಲೋ ಯಾರಾದರೂ ನಿಜವಾಗಿ ಬಿದ್ದಿದ್ದರೆ ಏನಾಗುತ್ತಿತ್ತು? ಇಡೀ ಆದೇಶದಲ್ಲಿ ಬುದ್ಧಿಯಿರುವ ಪ್ರಶ್ನೆ ಇದೊಂದೇ. ಉತ್ತರವೂ ಸುಲಭ. ನಿಜವಾಗಿ ಬಿದ್ದವನೊಬ್ಬ ನನ್ನ ಕಾಲ ಬುಡದಲ್ಲೇ ಇದ್ದ, ಹಾಗೆಂದು ನಾನು ತಮಗೆ ಹೇಳಿಯೂ ಇದ್ದೆ.

ಇನ್ನು ತಾವು ಕೇಳಿದ ಕ್ಷಮೆಯ ವಿಷಯ. ಬರೆಯಲು ಕೂತೆ, ಮುಚ್ಚುಮರೆ ಏಕೆ? ಗುರ‍್ರಣ್ಣ ಕುಂಟಿಕೊಂಡು ನಮ್ಮ ಸ್ಕೂಲಿಗೆ ಬಂದು, ತನ್ನ ದೆಸೆಯಿಂದ ನೀನು ಮನೆಯಲ್ಲಿ ಕೂರಬೇಡ, ಬರೆದುಕೊಟ್ಟುಬಿಡು ಎಂದು ನೆಲ ನೋಡುತ್ತ ಹೇಳಿ ಹೋದ. ಅವನ ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು. ನಮ್ಮತ್ತೆಯಂತೂ ಕ್ಷಮೆ ಕೇಳಿದರೆ ಬಾಯೇನು ಸವೆಯುತ್ತದೆಯೇ, ಹಾಳಾದ್ದು ಬರೆದು ಬಿಸಾಕು ಎಂದರು. ಆದ ಗಲಾಟೆಯೆಲ್ಲ ಅವರಿಗೆ ಗೊತ್ತು. ಬರೆದದ್ದನ್ನು ಓದಿ ಹೇಳು ಎಂದರು. ಓದಿದೆ: "ಮುಂದೆ ಹೀಗೆ ಮಾಡುವುದಿಲ್ಲ." ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

"ಎಲ್ರ ಹತ್ರಾನೂ ಹೀಗೇ ಬರೆಸಿಕೊಳ್ತಾರಾ?"

"ಗೊತ್ತಿಲ್ಲ. ಯಾಕತ್ತೆ?"

"ನಿನ್ನ ಹಿಂದೆ ಬರೋರೂ ಬರೆದುಕೊಟ್ಟಿದ್ರೆ, ನೀನು ಬಿದ್ದ ದಿನ ನಿನ್ನ ಹತ್ರ ಯಾರು ನಿಲ್ತಾರೆ?"

ಅತ್ತೆಯ ಕಣ್ಣಲ್ಲಿ ಭಯವಿತ್ತು. ಅಷ್ಟು ವರ್ಷ ಬೈದುಕೊಂಡೇ ನನ್ನನ್ನು ಕಳಿಸಿಕೊಟ್ಟವರು, ಕಲ್ಲಿನ ನಡುವೆ ಯಾರಾದರೂ ಒಬ್ಬರು ನಿಂತೇ ನಿಲ್ಲುತ್ತಾರೆಂಬ ಒಂದೇ ಧೈರ್ಯದ ಮೇಲೆ ಕಳಿಸುತ್ತಿದ್ದರು. ತಾವು ನನ್ನಿಂದ ಬರೆಸಿಕೊಳ್ಳಲು ಹೊರಟಿರುವುದು ಬರೀ ಒಂದು ಸಾಲು ಎಂದುಕೊಂಡಿದ್ದೀರಿ. ಅದು ಈ ಧೈರ್ಯಕ್ಕೇ ಕೊಡಲಿ ಏಟು. ನಾನು ಬರೆದ ಹಾಳೆಯನ್ನು ಹರಿದೆ. ಹರಿಯುವಾಗ ಅಳು ಬಂತು, ಏಕೆಂದರೆ ನನಗೆ ಈ ವರ್ಷ ಓಡಿಸಬೇಕೆಂಬ ಆಸೆ ಹೊಟ್ಟೆ ಸುಡುವಷ್ಟಿದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ವೈದ್ಯರ ವಾಹನ ಬಿದ್ದವರ ಬಳಿಗೆ ಹೋಗಲಿ. ಬಿದ್ದವನು ಮೊದಲನೆಯವನಾಗಿರಲಿ, ಹೊರಬಿದ್ದವನಾಗಿರಲಿ, ದಾರಿಬದಿಯಲ್ಲಿ ನಿಂತು ನೋಡುತ್ತಿದ್ದ ಕುರಿ ಕಾಯುವವನಾಗಿರಲಿ, ಮೊದಲು ಕಾಲು ನೋಡಿ, ಆಮೇಲೆ ಪಟ್ಟಿ ನೋಡಿ. ಇದನ್ನು ರ‍್ಯಾಲಿ ಹೊರಡುವ ಮುನ್ನ, ಎಲ್ಲ ಸವಾರರ ಎದುರು, ಬಾಯಿ ಬಿಟ್ಟು ಹೇಳಿ. ಹೇಳಿದ ಮೇಲೆ ನನ್ನನ್ನು ಸೇರಿಸಿಕೊಂಡರೆ ಬರುತ್ತೇನೆ, ಬಿಟ್ಟರೆ ಮನೆಯಲ್ಲಿರುತ್ತೇನೆ. ಹೇಳದೆಯೇ ಸೇರಿಸಿಕೊಳ್ಳುವ ಯೋಚನೆಯಿದ್ದರೆ ಒಂದು ಮಾತು ಈಗಲೇ ತಿಳಿದಿರಲಿ: ನನ್ನ ಕಣ್ಣೆದುರು ಮತ್ತೆ ಯಾರಾದರೂ ಬಿದ್ದು, ಅವರು ನಮ್ಮವರಲ್ಲ ಎಂದು ತಮ್ಮ ಕೋಣೆಯಿಂದ ದನಿ ಬಂದರೆ, ಮತ್ತೆ ಅದೇ ಸುಳ್ಳು ಹೇಳುತ್ತೇನೆ.

ಇಂತಿ,
ಬರೆದುಕೊಡಲು ಒಪ್ಪದೆ ಈ ವರ್ಷ ಆ ಒಂದು ವಾರವೂ ಪಕ್ಕದ ಸೀಟಿನಲ್ಲೇ ಕೂರಲಿರುವ
ಡ್ರೈವಿಂಗ್ ಸ್ಕೂಲಿನ ಮೇಡಂ