ಹತ್ತಕ್ಕೆ ಎರಡು

ಭಾನುವಾರ, ತಾರೀಕು ಹದಿನಾಲ್ಕು
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಮೊಂಡಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿ, ಅದಕ್ಕೇ ತಡ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಕಾಗದದಲ್ಲಿ ಆ ಕಾಟವಿಲ್ಲ. ನನ್ನ ಕೆಲಸದ ವಿಷಯದಲ್ಲಿ ಅಪ್ಪನೂ ನಿನ್ನ ಪಾರ್ಟಿ. ತಟ್ಟೆ ಮುಂದೆ ಕೂತಾಗ ಮಾತ್ರ ನನ್ನ ಪಾರ್ಟಿಗೆ ಬರುತ್ತಾರೆ.

"ಎಲ್ಲರೂ ಮೇಲೆ ಹತ್ತೋಕೆ ಒದ್ದಾಡ್ತಾರೆ, ನೀನೊಬ್ಬಳು ಇಳಿದು ಬಂದಿದೀಯ. ನಮ್ಮ ಆಫೀಸಿನ ಮೇಡಂಗೆ ಏನಂತ ಹೇಳ್ಲಿ?" ಎಂದು ಬರೆದಿದ್ದೀಯ. ನಾನು ಬಿಟ್ಟ ಮೇಲ್ವಿಚಾರಕಿಯ ಕುರ್ಚಿ ಈ ತಿಂಗಳ ಕೊನೆಯವರೆಗೂ ಖಾಲಿ ಇರುತ್ತದೆ, ಮ್ಯಾನೇಜರ ಹತ್ತಿರ ಹೋಗಿ ತಪ್ಪಾಯಿತು ಅನ್ನು ಎಂದು ಬುದ್ಧಿಯನ್ನೂ ಹೇಳಿದ್ದೀಯ. ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತೇನೆ, ಕೇಳಿಸಿಕೋ. ಹೋಗುವುದಿಲ್ಲ.

ನಡೆದದ್ದನ್ನು ನನ್ನ ಬಾಯಿಂದಲೇ ಕೇಳು. ಹೆಡ್ ಆಫೀಸಿನವರು ಒಬ್ಬ ತರಬೇತುದಾರನನ್ನು ಕಳಿಸಿದ್ದರು, ಕೆಲಸದಲ್ಲಿ ಸಂತೋಷ ಕಂಡುಕೊಳ್ಳುವುದು ಹೇಗೆ ಎಂದು ಕಲಿಸಲು. ದಿನಾ ಬೆಳಿಗ್ಗೆ ಕನ್ನಡಿ ನೋಡಿಕೊಂಡು ನಗಬೇಕಂತೆ. ಮೇಜಿನ ಮೇಲೊಂದು ಗಿಡ ಇಡಬೇಕಂತೆ. ಇಟ್ಟೆ. ಗಿಡ ಸೊಂಪಾಗಿ ಬಂತು, ನಾನು ಬಾಡಿದೆ. ಕೊನೆಗೆ ಒಂದು ಫಾರಂ ಕೊಟ್ಟ. ನಿಮ್ಮ ಸಂತೋಷಕ್ಕೆ ಹತ್ತಕ್ಕೆ ಎಷ್ಟು ಅಂಕ? ಎರಡು ಎಂದು ಬರೆದೆ. ಆ ಎರಡೂ ಗಿಡಕ್ಕೆ.

ಮ್ಯಾನೇಜರು ಮುಖ ಗಂಟು ಹಾಕಿಕೊಂಡು ಕರೆಸಿದರು. "ಏನಮ್ಮಾ ಇದು? ಮೇಲ್ವಿಚಾರಕರು ಎಂಟಕ್ಕಿಂತ ಕಡಿಮೆ ಹಾಕೋ ಹಾಗಿಲ್ಲ. ತಿದ್ದಿ ಕೊಡಿ."

"ಅಂಕ ತಿದ್ದಲ್ಲ ಸಾರ್. ಕೆಲಸ ತಿದ್ದಿ. ನನ್ನನ್ನ ಕೆಳಗೆ ಕಳಿಸಿ" ಎಂದೆ. ತಮಾಷೆ ಅಂದುಕೊಂಡು ನಕ್ಕರು. ನಾನು ಬೀಗದ ಕೈ ಅವರ ಮೇಜಿನ ಮೇಲಿಟ್ಟು ಮೆಟ್ಟಿಲು ಇಳಿದೆ. ಗಿಡವನ್ನೂ ಬಿಟ್ಟು ಬಂದೆ.

ಎರಡು ವರ್ಷ ಆ ಗಾಜಿನ ಕೋಣೆಯಲ್ಲಿ ಏನು ಮಾಡಿದೆ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಬೇರೆಯವರ ರಜಾಚೀಟಿಗೆ ಸಹಿ ಹಾಕಿದೆ. ಸಂಜೆ ಮನೆಗೆ ಬಂದರೆ ಕೈ ಕೊಳೆಯಾಗಿರುತ್ತಿರಲಿಲ್ಲ, ಆದರೂ ತೊಳೆಯುತ್ತಿದ್ದೆ.

ನಾನು ಮೊದಲಿದ್ದ ಕೆಳಗಿನ ನೆಲಮಾಳಿಗೆಯ ಕೆಲಸವೇ ಬೇರೆ. ಅಂಗಡಿಯ ಬೂಟು ಹಿಡಿಸದ ಕಾಲುಗಳಿಗೆ, ಒಂದು ಉದ್ದ ಒಂದು ಗಿಡ್ಡ, ಬೆರಳು ಹೋದದ್ದು, ಊದಿಕೊಂಡದ್ದು, ಒಂದೊಂದಕ್ಕೂ ಅಳತೆ ತೆಗೆದು ಬೂಟು ಮಾಡುತ್ತೇವೆ. ನಮ್ಮ ಕಿಟಕಿ ಇರುವುದು ಫುಟ್‌ಪಾತಿನ ಮಟ್ಟಕ್ಕೆ. ಹೋಗಿಬರುವವರ ಕಾಲು ಮಾತ್ರ ಕಾಣುತ್ತದೆ. ನಾನೂ ಪಕ್ಕದ ಬೆಂಚಿನ ಹೊಲಿಗೆಯಕ್ಕನೂ ಕಾಲು ನೋಡಿಯೇ ಆಳು ಯಾರು ಎಂದು ಪಂದ್ಯ ಕಟ್ಟುತ್ತೇವೆ. ಹೆಚ್ಚಾಗಿ ಗೆಲ್ಲುವವಳು ನಾನೇ.

ಸುಳ್ಳು ಯಾಕೆ ಹೇಳಲಿ, ಸಹಿ ಹಾಕಿ ಹಾಕಿ ಕೈ ಜಡ್ಡುಗಟ್ಟಿತ್ತು. ಮೊದಲ ಜೊತೆ ಪೂರ್ತಿ ಕೆಡಿಸಿದೆ. ಹೊಲಿಗೆಯಕ್ಕ ಅದನ್ನು ಎತ್ತಿ ತಿರುಗಿಸಿ ನೋಡಿ, "ಇದು ಯಾರ ಕಾಲಿಗೇ? ನಿನ್ನ ಕುರ್ಚಿ ಕಾಲಿಗಾ?" ಎಂದಳು. ಎರಡು ವರ್ಷದಲ್ಲಿ ಅಷ್ಟು ನಕ್ಕಿರಲಿಲ್ಲ ನಾನು.

ಹೋದ ತಿಂಗಳು ಒಬ್ಬರು ಲೆಕ್ಕದ ಮೇಷ್ಟ್ರು ಬಂದಿದ್ದರು. ಬಲಗಾಲು ಎರಡು ಬೆರಳಿನಷ್ಟು ಗಿಡ್ಡ, ಕೈಯಲ್ಲಿ ಕೋಲು. ಹನ್ನೊಂದು ದಿನ ಕೂತು ಅಟ್ಟೆ ಎತ್ತರಿಸಿ ಬೂಟು ಮಾಡಿದೆ. ಹಾಕಿಕೊಂಡು ಆ ಕಡೆಯಿಂದ ಈ ಕಡೆಗೆ ಏಳು ಸಲ ನಡೆದರು. "ಇಷ್ಟು ವರ್ಷ ನಾನು ಬೋರ್ಡ್ ಮೇಲೆ ಎಳೆದ ಗೆರೆಯೆಲ್ಲಾ ಓರೆ ಆಗ್ತಿತ್ತು. ಬೋರ್ಡೇ ಸರಿ ಇಲ್ಲ ಅಂತ ಮೂರು ಸಲ ಬದಲಾಯಿಸಿದೀನಿ ಕಣಮ್ಮಾ" ಎಂದು ಹೇಳಿ, ಕೋಲನ್ನು ಇಲ್ಲೇ ಮರೆತು ಹೊರಟುಹೋದರು. ಇನ್ನೂ ನನ್ನ ಬೆಂಚಿಗೆ ಒರಗಿಕೊಂಡಿದೆ. ಅದಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡಲಿ, ನೀನೇ ಹೇಳು.

ಮಂಡಿ ನೋಯುತ್ತದೆ, ಗೋಂದಿನ ವಾಸನೆ ಸ್ನಾನ ಮಾಡಿದರೂ ಹೋಗುವುದಿಲ್ಲ, ನಿಜ. ಆದರೆ ಬೆಳಿಗ್ಗೆ ಎದ್ದು ಹೋಗಬೇಕು ಅನ್ನಿಸುತ್ತದೆ. ಈ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ನಿಮ್ಮ ಮೇಡಂಗೆ ಏನು ಹೇಳಬೇಕು ಅಂತೀಯಾ? ಅಮ್ಮ ಬೂಟು ಮಾಡುತ್ತಾಳೆ ಎಂದು ಹೇಳು. ಅಷ್ಟು ಹೇಳಲು ನಾಲಿಗೆ ತಡವರಿಸಿದರೆ ಅದು ನಿನ್ನ ನಾಲಿಗೆಯ ತೊಂದರೆ, ನನ್ನ ಕೆಲಸದ್ದಲ್ಲ.

ನಿನಗೂ ಹತ್ತಕ್ಕೆ ಹತ್ತು ಹಾಕುವಂಥ ಕೆಲಸ ಸಿಗಲಿ. ಸಿಗದಿದ್ದರೆ ಎರಡು ಎಂದು ಬರೆಯುವ ಧೈರ್ಯವಾದರೂ ಇರಲಿ. ಹೊತ್ತು ಹೊತ್ತಿಗೆ ಊಟ ಮಾಡು.

ನಿನಗಿಂತ ಮೊಂಡಿಯಾದ
ಅಮ್ಮ

ಮತ್ತೆ: ಬರೆಯಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಕೆಲಸ ಜಾಸ್ತಿ, ಅದಕ್ಕೇ ತಡ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನ ಪತ್ರ ಬಂದ ವಾರವೇ, ಗುರುವಾರ ಮಧ್ಯಾಹ್ನ, ನಮ್ಮ ಕಿಟಕಿಯ ಮುಂದೆ ಎರಡು ಜೊತೆ ಕಾಲು ನಿಂತವು. ಒಂದು ಜೊತೆ ಊದಿಕೊಂಡು, ಚಪ್ಪಲಿಯ ಪಟ್ಟಿ ಮಾಂಸಕ್ಕೆ ಕಚ್ಚಿಕೊಂಡಿತ್ತು. "ನಿಮ್ಮಮ್ಮ ಮೇಲ್ವಿಚಾರಕಿ ಆಗಿರೋದು ಇಲ್ಲೇ ಅಲ್ವೇನ್ರೀ? ನನ್ನ ಕಾಲು ಒಂದ್ಸಲ ತೋರಿಸ್ಬಹುದಿತ್ತು" ಎಂದರು ಅವರು. "ಇಲ್ಲ ಮೇಡಂ, ಇದಲ್ಲ, ಅದು ಬೇರೆ ಬೀದಿ" ಎಂದಿತು ಇನ್ನೊಂದು ದನಿ. ಹೊಲಿಗೆಯಕ್ಕ ಎಂದಿನ ಹಾಗೆ "ಹೇಳು, ಯಾರದು?" ಎಂದಳು. ಗೊತ್ತಿಲ್ಲ ಎಂದೆ. ಪಂದ್ಯ ಸೋತೆ.

ಆಫೀಸಿನ ಕೆಲಸಕ್ಕೆ ಈ ಊರಿಗೆ ಬಂದಿದ್ದಿರೇನೋ, ಆ ಮೇಡಂ ಪಾಪ ಕುಂಟುತ್ತಾ ಹೋದರು. ಅವರನ್ನು ಕರೆದುಕೊಂಡು ಬಾ. ನನ್ನನ್ನು ಯಾರೋ ಕೆಲಸದವಳು ಎಂದೇ ತೋರಿಸು, ನಾನು ತುಟಿ ಬಿಚ್ಚದೆ ಅಳತೆ ತೆಗೆಯುತ್ತೇನೆ. ಆದರೆ ನೀನು ಬಾಗಿಲಾಚೆಯೇ ನಿಲ್ಲು. ನಿನ್ನ ಎಡಗಾಲಿನ ಚಪ್ಪಲಿಯ ಹಿಮ್ಮಡಿ ಹೊರಭಾಗದಲ್ಲಿ ಪೂರ್ತಿ ಸವೆದಿದೆ. ಹತ್ತಿರ ಬಂದರೆ ಬಯ್ಯದೆ ಇರಲು ನನ್ನಿಂದಾಗುವುದಿಲ್ಲ, ಬೈದರೆ ನಾನು ಯಾರೆಂದು ಅವರಿಗೆ ಗೊತ್ತಾಗಿಬಿಡುತ್ತದೆ.