ಗೋಡೆಯ ಮೇಲೆ ಬರೆಸಿದ ಮಾತು

೪, ಸೋಮವಾರ. ಬೆಳಿಗ್ಗೆ ೮
ಇನ್‌ಕ್ಯುಬೇಟರ್ ೩೭ ಡಿಗ್ರಿ. ಸಹಿ ಹಾಕಿದೆ. ಗಾಳಿ ಪರೀಕ್ಷೆಯ ಪ್ಲೇಟಿನಲ್ಲಿ ಎಂದಿನಂತೆ ಬ್ಯಾಸಿಲಸ್ ಬ್ಯಾಕ್ಟೀರಿಯಾ. ‘ಧೂಳು’ ಎಂದು ಬರೆದು ಎಸೆದೆ. ಇಪ್ಪತ್ತು ವರ್ಷದಿಂದ ಹಾಗೇ. ಮಣ್ಣಲ್ಲಿ, ಗಾಳಿಯಲ್ಲಿ, ಅಕ್ಕಿಯಲ್ಲಿ… ಎಲ್ಲೆಲ್ಲೂ ಇರುವುದಕ್ಕೆ ಯಾರು ಬೆಲೆ ಕೊಡುತ್ತಾರೆ? ಕಣ್ಣಿನ ಗಾಯಕ್ಕೆ ಇಳಿದರೆ ಒಂದೇ ದಿನದಲ್ಲಿ ದೃಷ್ಟಿ ಕಿತ್ತುಕೊಂಡೀತು. ಪಾಠದಲ್ಲಿ ಹೇಳುತ್ತೇನೆ. ಮರೆಯುತ್ತೇನೆ.

ಅದೇ ದಿನ, ೩.೩೦
ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಉಂಡ ಹನ್ನೊಂದು ನರ್ಸ್‌ಗಳಿಗೆ ವಾಂತಿ. ಎರಡೇ ಗಂಟೆಯಲ್ಲಿ. ಡ್ರಿಪ್ ಹಾಕಿದ್ದಾರೆ, ಅಪಾಯವಿಲ್ಲ. ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದ ಊಟದ ಸ್ಯಾಂಪಲ್ ನನ್ನ ಮೇಜಿಗೆ ಬಂತು. ಹಿಂದೆಯೇ ಅಡುಗೆಯ ದೊಡ್ಡಕ್ಕ.
“ನನ್ನ ಕೈ ಕೊಳಕಲ್ಲ ಮೇಡಂ. ಬೇಕಾದ್ರೆ ಉಗುರಿನ ಸಂದಿ ಕೆರೆದು ನೋಡ್ಕೊಳ್ಳಿ.”

೬, ಬುಧ
ಅನ್ನದಲ್ಲಿ ಅದೇ ಬ್ಯಾಸಿಲಸ್. ಗ್ರಾಂಗೆ ಲಕ್ಷಗಟ್ಟಲೆ. ಪ್ಲೇಟಿನ ತುಂಬ ಪುಡಿಗಾಜು ಚೆಲ್ಲಿದಂಥ ಬೂದು ಮಚ್ಚೆ. ಚೆಲುವಾಗಿ ಕಂಡವು — ಕವಿತೆ ಓದುವ ಚಟ ಎಲ್ಲಿಗೆ ಹೋಗುತ್ತದೆ!
ಸೂಪರಿಂಟೆಂಡೆಂಟ್ ಇಣುಕಿದರು. “ಅಡುಗೆಯವಳ ಕೊಳಕುತನ ಅಂತ ಒಂದು ಸಾಲು ಬರೆದುಬಿಡಿ. ಅವಳನ್ನ ಕಳಿಸಿಬಿಡೋಣ.”
ದೊಡ್ಡಕ್ಕನನ್ನು ಕೇಳಿದೆ, ಅನ್ನ ಯಾವಾಗಿನದು?
“ಭಾನುವಾರ ಸಂಜೇದು. ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟಿದ್ದೆ. ಮಾರನೇ ದಿನ ಹಬೆಯಾಡೋ ಹಾಗೆ ಬಿಸಿ ಮಾಡ್ದೆ.”
“ಹಳೇದನ್ನ ಯಾಕೆ ಬಡಿಸಿದೆ ಅಕ್ಕಾ?”
“ನೀವೇ ಹೇಳಿದ್ರಲ್ಲ ತಾಯೀ! ಹೋದ ವರ್ಷ, ಮಿಕ್ಕಿದ್ದನ್ನ ಚೆಲ್ತಾ ಇದ್ದಾಗ. ಚೆನ್ನಾಗಿ ಬಿಸಿ ಮಾಡು, ಎಲ್ಲಾ ಸಾಯ್ತವೆ ಅಂತ. ಓದಿದವರ ಮಾತು ಅಂತ ಗೋಡೆ ಮೇಲೆ ಬರೆಸಿಟ್ಟಿದೀನಿ.”

೯, ಶನಿವಾರ
ಎರಡು ದಿನ ಬರೆಯಲಿಲ್ಲ.
ನಾನು ಹಾಗೆ ಹೇಳಿದ್ದು ನಿಜ. ಕೈಯಲ್ಲಿ ಕಾಫಿ ಲೋಟ, ಕ್ಲಾಸಿಗೆ ಹೊತ್ತಾಗಿತ್ತು, ಬಾಯಿಗೆ ಬಂದದ್ದು ಹೇಳಿದೆ. ಈ ಬ್ಯಾಸಿಲಸ್‌ನ ಬೀಜಕ, ಗಟ್ಟಿ ಕವಚದ ಸ್ಪೋರ್, ಕುದಿಸಿದರೂ ಸಾಯದು. ಮುಚ್ಚಿಟ್ಟ ಬೆಚ್ಚನೆಯ ಅನ್ನದಲ್ಲಿ ಮೊಳೆಯುತ್ತದೆ. ಅದು ಬಿಟ್ಟ ವಿಷ ಎಷ್ಟು ಬಿಸಿಗೂ ಜಗ್ಗದು. ಈ ಪ್ರಶ್ನೆಗೇ ವಿದ್ಯಾರ್ಥಿಗಳ ಅಂಕ ಕತ್ತರಿಸಿದವಳು ನಾನು.
ದೊಡ್ಡಕ್ಕನಿಗೆ ಗುರುವಾರದಿಂದ ಬರಬೇಡ ಎಂದಿದ್ದಾರೆ. ಫೋನ್ ಮಾಡಿದೆ. ನಕ್ಕಳು. “ನಿಮ್ಮ ಹೆಸರು ನಾನು ಎತ್ತಲ್ಲ, ಸುಮ್ನಿರಿ. ಒಬ್ಬಳ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಬಿದ್ರೆ ಸಾಲ್ದಾ, ಇಬ್ಬರದೂ ಯಾಕೆ?”
ಆಮೇಲೆ ಕವಿತೆಯ ಒಂದು ಸಾಲೂ ಓದಲಾಗಲಿಲ್ಲ.

೧೧, ಸೋಮ. ೯.೪೦
ಹತ್ತಕ್ಕೆ ದೊಡ್ಡಕ್ಕನ ವಿಚಾರಣೆ. ಕೆಳಗೆ ಅಡುಗೆಮನೆಗೆ ಹೋಗಿ ಬಂದೆ. ಒಲೆಯ ಪಕ್ಕ, ನೀಲಿ ಬಣ್ಣದಲ್ಲಿ, ದುಂಡಗೆ: ‘ಚೆನ್ನಾಗಿ ಬಿಸಿ ಮಾಡಿದರೆ ಎಲ್ಲಾ ಸಾಯುತ್ತವೆ — ಲ್ಯಾಬ್ ಮೇಡಂ.’ ಪಕ್ಕದಲ್ಲೇ ಒದ್ದೆ ಬಟ್ಟೆ ಇತ್ತು. ಮುಟ್ಟಲಿಲ್ಲ. ಫೋಟೋ ತೆಗೆದೆ.
ವರದಿಯಲ್ಲಿ ಕೊಳಕು ಎಂಬ ಪದವಿಲ್ಲ. ಕಾರಣ: ಬೆಂದ ಅನ್ನ ಇಡೀ ರಾತ್ರಿ ಫ್ರಿಜ್ಜಿನ ಹೊರಗೆ ಉಳಿದದ್ದು. ಅದರ ಕೆಳಗೆ ‘ಹೀಗೆ ಮಾಡಲು ಹೇಳಿದವರು’. ಅಂಥ ಕಾಲಂ ಫಾರಂನಲ್ಲಿ ಇರಲಿಲ್ಲ. ಸ್ಕೇಲಿಟ್ಟು ನಾನೇ ಗೆರೆ ಎಳೆದೆ. ನನ್ನ ಹೆಸರು ಬರೆದೆ. ಹುದ್ದೆ ಎಂಬಲ್ಲಿ ಇನ್ನೂ ಖಾಲಿ; ಸಂಜೆಗೆ ಅದು ಉಳಿದಿದ್ದರೆ…
ಕರೆಯುತ್ತಿದ್ದಾರೆ. ಬಂದ ಮೇಲೆ…