ಡೆಬೊರಾಗೆ ಹೇಳಿದವರು ಯಾರು

ಖಲೀಫಾ ಸಿಟಿ, ಅಬುಧಾಬಿ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ನಾರ್ಬರ್ಟ್,

ಸೊಂಟನೋವು ಹೇಗಿದೆ? ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲ ಅದು ಮಂಚದ ಕೆಳಗೆ ಸೇರಿತೇ? ನಿಮ್ಮ ಮದೀನತ್ ಜಾಯೆದ್‌ನಲ್ಲಿ ಬೆಳಗಿನ ಹೊತ್ತು ಚಳಿ ಶುರುವಾಗಿದೆಯಂತೆ, ಸೈಟಿಗೆ ಹೋಗುವಾಗ ಸ್ವೆಟರ್ ಮರೆಯಬೇಡಿ. ಇಲ್ಲಿ ನಾವಿಬ್ಬರೂ ಸುಖವಾಗಿದ್ದೇವೆ. ಮೊನ್ನೆ ಧೂಳು ಎದ್ದ ದಿನ ಪರ್ಲ್‌ಗೆ ಮತ್ತೆ ದಮ್ಮು ಬಂತು, ಇನ್‌ಹೇಲರ್ ಕೊಟ್ಟ ಮೇಲೆ ತಗ್ಗಿತು. "ಡೋಂಟ್ ಟೆಲ್ ಡ್ಯಾಡಿ, ಮಮ್ಮಾ" ಎಂದಳು ನಿಮ್ಮ ಮಗಳು. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಈ ಪತ್ರದಲ್ಲಿ ಏನನ್ನೂ ಮುಚ್ಚಿಡಬಾರದೆಂದು ನಿಶ್ಚಯಿಸಿ ಕುಳಿತಿದ್ದೇನೆ.

ದಿನವೂ ಫೋನ್ ಮಾಡುವವಳಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳಬೇಡಿ. ಫೋನಿನಲ್ಲಿ ನೀವು ನಕ್ಕು, "ಖಲಾಸ್, ಬಿಡು ಜೆಸ್ಸಿ" ಎಂದು ಮಾತು ತಿರುಗಿಸುತ್ತೀರಿ. ಕೊಂಕಣಿಯಲ್ಲಿ ಬರೆದರೆ ಮೂರನೆಯ ಸಾಲಿಗೇ ನನಗೆ ಜಗಳದ ಬಾಯಿ ಬರುತ್ತದೆ. ಕನ್ನಡದಲ್ಲಾದರೆ ಶಾಲೆಯ ಬೆಂಚಿನಲ್ಲಿ ಕುಳಿತ ಹಾಗೆ ಮರ್ಯಾದೆಯಿಂದ ಇರುತ್ತೇನೆ, ನಿಮ್ಮನ್ನು ನೀವು ಎನ್ನುತ್ತೇನೆ. ನಾಳೆ ನಿಮ್ಮ ಕ್ಯಾಂಪಿಗೆ ವ್ಯಾನ್ ತರುವ ವಿಕ್ಟರ್ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ.

ಉತ್ತರ ಡಕೋಟದ ಆಸ್ಪತ್ರೆಯವರು ನನ್ನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ, ಅದು ಮಂಜೂರಾಗಿ, ನಾವು ವೀಸಾದ ಸರದಿಗಾಗಿ ಕಾಯುತ್ತಲೇ ಇದ್ದೇವೆ. ನಡುವೆ ಟೆಕ್ಸಾಸಿನ ಆಸ್ಪತ್ರೆಯೊಂದು ಕರೆಯಿತು. ಅವರು ಹೊಸದಾಗಿ ಅರ್ಜಿ ಹಾಕಬೇಕು, ಆದರೆ ಸರದಿಯಲ್ಲಿ ನಮ್ಮ ಹಳೆಯ ಜಾಗ ನಮಗೇ ಉಳಿಯುತ್ತದೆ ಎಂದು ವಕೀಲರು ಹೇಳಿದ್ದು ನಿಮಗೆ ಗೊತ್ತೇ ಇದೆ. ಟೆಕ್ಸಾಸಿನವರು ಸಹಿ ಹಾಕುವವರೆಗೆ ಡಕೋಟಕ್ಕೆ ಸುಳಿವು ಸಿಗಬಾರದು, ಸಿಕ್ಕರೆ ಎರಡೂ ಕೈತಪ್ಪಬಹುದು ಎಂದು ನಾವಿಬ್ಬರೇ ಮಾತಾಡಿಕೊಂಡಿದ್ದೆವು. ಹೋದ ವಾರ ಡಕೋಟದ ಡೆಬೊರಾ, ನರ್ಸ್‌ಗಳನ್ನು ನೇಮಿಸಿಕೊಳ್ಳುವ ಹೆಂಗಸು, ಮೇಲ್ ಕಳಿಸಿದಳು. ನೀವು ಬೇರೆ ಕಡೆ ಕೆಲಸ ನೋಡುತ್ತಿದ್ದೀರೆಂದು ಕೇಳಿದೆವು, ನಿಜವೇ ಎಂದು.

ಮೊದಲು ಸಂಶಯ ಬಂದದ್ದು ಸ್ಟೇಸಿಯ ಮೇಲೆ. ನನ್ನ ಕ್ಲಿನಿಕ್ಕಿನವಳೇ, ಅದೇ ಡಕೋಟದ ಆಸ್ಪತ್ರೆಗೇ ಕಾಯುತ್ತಿರುವವಳು. ಟೆಕ್ಸಾಸಿನ ಸಂಗತಿ ನಾನೇ ಅವಳಿಗೆ ಹೇಳಿದ್ದೆ. ಬೇರೆ ಮೇಜಿನಲ್ಲಿ ಊಟಕ್ಕೆ ಕುಳಿತೆ, ಅವಳು ಬಂದರೆ ಫೋನ್ ಮಗುಚಿ ಇಟ್ಟೆ. ಕೊನೆಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಡ್ಡ ನಿಂತು ಕೇಳಿದಳು: "ಎಂತ ಜೆಸ್ಸಿ, ನಾನು ನಿಂಗೆ ಎಂತ ಮಾಡಿದ್ದು? ಮುಖ ತಿರುಗಿಸಿ ಹೋಗ್ತಿ?" ನಾನು, "ಡೆಬೊರಾನ ಹತ್ರವೇ ಕೇಳು" ಎಂದೆ. ಅವಳು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತಳು. ನಾಟಕ ಎಂದುಕೊಂಡು ಹೊರಗೆ ಬಂದೆ, ನಾರ್ಬರ್ಟ್.

ಸೋಮವಾರ ಡೆಬೊರಾ ವಿಡಿಯೋ ಕಾಲ್ ಮಾಡಿದಳು. ಬೈಯಲಿಲ್ಲ, ಬಹಳ ಸಿಹಿಯಾಗಿಯೇ ಮಾತಾಡಿದಳು. ನಿಮ್ಮ ಮಗಳ ಉಸಿರಾಟದ ತೊಂದರೆ ನಮಗೆ ಅರ್ಥವಾಗುತ್ತದೆ, ಇಲ್ಲಿನ ಚಳಿಗೆ ಹೆದರಬೇಡಿ, ಮನೆಗಳೆಲ್ಲ ಬೆಚ್ಚಗಿರುತ್ತವೆ ಎಂದಳು. ನನಗೆ ಮುಂದಿನ ಮಾತು ಕೇಳಿಸಲೇ ಇಲ್ಲ. ಸ್ಟೇಸಿಗೆ ನಾನು ಹೇಳಿದ್ದು ಸಂಬಳ ಜಾಸ್ತಿ ಎಂದು ಮಾತ್ರ. ವಕೀಲರಿಗೂ ಟೆಕ್ಸಾಸಿನವರಿಗೂ ಕಾರಣವನ್ನೇ ಹೇಳಿರಲಿಲ್ಲ. ಪರ್ಲ್‌ಳ ದಮ್ಮಿಗೆ ಡಕೋಟದ ಹಿಮ ಆಗದು ಎಂದು ನಾನು ಹೇಳಿದ್ದು ಕಾರ್ನಿಷ್‌ನ ಕಡಲದಂಡೆಯ ಪಕ್ಕ ಕಾರು ನಿಲ್ಲಿಸಿಕೊಂಡು, ನಿಮ್ಮೊಬ್ಬರಿಗೆ.

ಅಂದಿನಿಂದ ಒಂದೊಂದನ್ನೇ ನೆನಪಿಸಿಕೊಂಡು ತಿರುವಿ ನೋಡುತ್ತಿದ್ದೇನೆ. ಡಕೋಟದವರ ಮೇಲ್ ವಿಳಾಸ ಏನೆಂದು ನೀವು ಕೇಳಿದ್ದಿರಿ, ಸುಮ್ಮನೆ ಕೇಳಿದೆ ಎಂದಿರಿ. ಮೇಲ್ ಬಂದ ಸುದ್ದಿ ಹೇಳಿದಾಗ ಯಾರು ಹೇಳಿರಬಹುದು ಎಂದು ಒಮ್ಮೆಯೂ ಕೇಳಲಿಲ್ಲ. ಅರ್ಜಿ ಮಂಜೂರಾದ ದಿನ ನೀವು ಆಡಿದ ಮಾತೂ ನೆನಪಾಗುತ್ತಿದೆ: "ಅಲ್ಲಿ ನಾನೆಂತ ಮಾಡುವುದು? ನಿನ್ನ ಬ್ಯಾಗ್ ಹಿಡ್ಕೊಂಡು ನಿಲ್ಲುವುದಾ?" ತಮಾಷೆ ಎಂದು ಇಬ್ಬರೂ ನಕ್ಕಿದ್ದೆವು. ಈಗ ಅನಿಸುತ್ತಿದೆ, ನಕ್ಕವಳು ನಾನೊಬ್ಬಳೇ. ಮಗಳಿಗಾಗಿ ಕಾಳಜಿಯಿಂದಲೇ ನೀವು ಡೆಬೊರಾಳನ್ನು ವಿಚಾರಿಸಿರಬಹುದು ಎಂದೂ ಸಮಾಧಾನ ಮಾಡಿಕೊಂಡೆ. ಆದರೆ ಕಾಳಜಿಯಿಂದ ಬರೆದವರು ಹೆಂಡತಿಯಿಂದ ಅದನ್ನು ಬಚ್ಚಿಡುವುದೇಕೆ?

ನಿನ್ನೆ ಸ್ಟೇಸಿಯ ಕೈ ಹಿಡಿದು ಕ್ಷಮೆ ಕೇಳಿದೆ. "ಮಾಫಿ ಮುಷ್ಕಿಲ್", ಪರವಾಗಿಲ್ಲ ಬಿಡು, ಎಂದು ಭುಜ ತಟ್ಟಿದಳು. ಆದರೂ ಊಟಕ್ಕೆ ಬೇರೆ ಮೇಜಿಗೇ ಹೋದಳು. ಅದು ನನ್ನ ಪಾಲಿಗೆ ಉಳಿದದ್ದು.

ಸಿಗಡಿ ಚಟ್ನಿಪುಡಿ ಕಳಿಸಿದ್ದೇನೆ, ಕೋಣೆಯವರಿಗೆಲ್ಲ ಹಂಚಿ ಮುಗಿಸಬೇಡಿ. ಭಾರ ಎತ್ತಬೇಡಿ. ಪರ್ಲ್ ನಿಮಗೆ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮ ಬೆನ್ನನ್ನೂ ಮನಸ್ಸನ್ನೂ ನೆಟ್ಟಗೆ ಇಡಲಿ.

ನಿಮ್ಮ,
ಜೆಸ್ಸಿಕಾ

ವಿ.ಸೂ.: ಗುರುವಾರ ಬೆಳಿಗ್ಗೆ. ವಿಕ್ಟರ್ ಕೆಳಗಿನಿಂದ ಯಲ್ಲಾ ಯಲ್ಲಾ ಎಂದು ಅವಸರಪಡಿಸಿ ಕೂಗುತ್ತಿದ್ದಾರೆ. ಟೆಕ್ಸಾಸಿನವರ ಸಹಿ ರಾತ್ರಿ ಬಂತು, ನಾನೂ ಹಾಕಿದೆ. ಗಂಡನ ಹೆಸರು ಕೇಳಿದ್ದರು, ನಿಮ್ಮ ಹೆಸರನ್ನೇ ಬರೆದೆ. ಬರಲು ಮನಸ್ಸಿಲ್ಲದಿದ್ದರೆ ಶುಕ್ರವಾರ ಮನೆಗೆ ಬಂದಾಗ ನನ್ನ ಮುಖ ನೋಡಿ ಹೇಳಿ. ಡೆಬೊರಾಗೆ ಬರೆಯಬೇಡಿ.